ಮೂರನೇ ಸಾಲಿನ ಹಸು

ವ್ಲೋರಾದ ಹಳೇ ಥಿಯೇಟರು. ರಂಗದ ಅಂಚಿಗೊಂದು ಗುಂಡಿ,
ಗುಂಡಿಯೊಳಗೆ ನಾನು, ಕತ್ತಿನವರೆಗೂ ಹೂತವಳ ಹಾಗೆ.
ಮೂವತ್ತೊಂದು ವರ್ಷ ಇಲ್ಲೇ ಕೂತು
ಮಾತು ಮರೆತವರಿಗೆ ಮಾತು ಕೊಟ್ಟಿದ್ದೇನೆ.
ಹೆಸರು ಮುಜೆಯೆನ್. ಕಸುಬು, ಪಿಸುಗುಟ್ಟುವುದು.

ಆಗ ಇನ್ನೊಂದು ಕೆಲಸವೂ ಇತ್ತು. ನೀಲಿ ರಟ್ಟಿನ ಪುಸ್ತಕ:
ಯಾವ ಮಾತಿಗೆ ಎಷ್ಟು ಸೆಕೆಂಡು ಚಪ್ಪಾಳೆ,
ನಗಬಾರದ ಕಡೆ ನಕ್ಕವರು ಯಾರು,
ಯಾವ ಸಾಲು, ಎಷ್ಟನೇ ಕುರ್ಚಿ.
ಶನಿವಾರ ಒಬ್ಬ ಬಂದು ಒಯ್ಯುತ್ತಿದ್ದ.
ಸೋಮವಾರ ಕೆಲವು ಕುರ್ಚಿ ಖಾಲಿ.
ಇಷ್ಟು ಹೇಳಿಯೂ ನಾನು ನಗೆನಾಟಕದವಳೇ.
ನೀವು ನಗಬಹುದು.

ಈಗ ಟಿಕೀಟು ಮುನ್ನೂರು ಲೆಕ್, ಜೊತೆಗೊಂದು ಗುಟುಕು ರಾಕಿ.
ಕೆಂಪು ದೀಪ ಕಟ್ಟಿಸಿ, ಕ್ಯಾಬರೆ ಎಂದು ಬೋರ್ಡು ಬರೆಸಿದ್ದಾನೆ
ಮ್ಯಾನೇಜರ್ ಥನಾಸ್. ಎರಡು ಗಂಟೆಯಲ್ಲಿ ಐವತ್ತು ವರ್ಷ.

ಮೊದಲು ಬಂಕರುಗಳ ಕುಣಿತ. ನಾಲ್ವರು ಹುಡುಗಿಯರು
ತಲೆಗೆ ಸಿಮೆಂಟು ಬಣ್ಣದ ಬೋಗುಣಿ ಕವುಚಿಕೊಂಡು
ಬಾರದ ಶತ್ರುವಿಗೆ ಕಾದು ಕಾದು, ಕೊನೆಗೆ
ಕಾಗದ ಬರೆಯುತ್ತಾರೆ: ಒಮ್ಮೆಯಾದರೂ ದಾಳಿ ಮಾಡು ಮಾರಾಯ,
ಮದುವೆ ವಯಸ್ಸು ಮೀರುತ್ತಿದೆ.
ಆಮೇಲೆ ಪ್ರತಿಮೆ. ಸ್ಪಿರೋ ಮೈಗೆಲ್ಲ ಕಂಚು ಬಳಿದುಕೊಂಡು ನಿಂತು
ಹಗ್ಗ ಎಳೆಯುವವರಿಗೆ ತಾನೇ ಹೇಳಿಕೊಡುತ್ತಾನೆ:
ಎಡಕ್ಕೆ, ಇನ್ನೂ ಎಡಕ್ಕೆ,
ಅಯ್ಯೋ, ಅಷ್ಟು ಎಡಕ್ಕೆ ನಾನೂ ಹೋಗಿರಲಿಲ್ಲ!
ಆಮೇಲೆ ಹಡಗು. ಸ್ನಾನದ ತೊಟ್ಟಿಯಲ್ಲಿ ಒಂಬತ್ತು ಜನ;
ಹಿಡಿಯಲು ಏನೂ ಸಿಗದ ಹತ್ತನೆಯವನು
ಇಟಲಿಯನ್ನೇ ಹಿಡಿದುಕೊಂಡಿದ್ದಾನೆ.

ಆಮೇಲೆ ಫಂಡು.
ತುಪ್ಪಳದ ಕೋಟು, ಹೊಂಬಣ್ಣದ ವಿಗ್ಗು ತೊಟ್ಟ ಕುಯ್ತಿಮ್
ಸೊಂಟ ತಿರುವುತ್ತ ಟೋಪಿ ಹಿಡಿದು ಇಳಿಯುತ್ತಾನೆ.
ಒಂದು ಕೊಡಿ, ಎರಡು ಒಯ್ಯಿರಿ. ಎರಡು ಕೊಡಿ, ನಾಲ್ಕು.
ಹೇಗೆ ಎಂದು ಕೇಳಿದವರಿಗೆ ಮಾತ್ರ ಇಲ್ಲ!
ಜನ ನಗುತ್ತ ಹಾಕುತ್ತಾರೆ.
ಮನೆ ಕಳಕೊಂಡವರೇ ಮೊದಲು ಹಾಕುತ್ತಾರೆ.

ಅವತ್ತು ಮೂರನೇ ಸಾಲಿನಿಂದ ಒಬ್ಬ ಎದ್ದ.
ಕೋಟಿನ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು.
ನನ್ನ ಹಸು ಎಲ್ಲಿ, ಅಂದ.
ಜೋರಾಗಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವ ಹಾಗೆ.
ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು.
ಕಪ್ಪು ಹಸು. ಹಣೆಯಲ್ಲಿ ಬಿಳಿ. ದಿನಕ್ಕೆ ಹನ್ನೊಂದು ಲೀಟರು.
ಮಾರಿ ನಿಮಗೇ ಕೊಟ್ಟೆನಲ್ಲ.
ಯಾರೋ ಮೇಜು ಗುದ್ದಿದರು. ಯಾರಿಗೋ ರಾಕಿ ನೆತ್ತಿಗೇರಿತು.

ವಿಗ್ಗಿನ ಕೆಳಗಿಂದ ಕುಯ್ತಿಮ್ ನನ್ನತ್ತ ನೋಡಿದ.
ನಮ್ಮಲ್ಲಿ ಆ ಹೆಸರಿಗೆ ಅರ್ಥ, ನೆನಪು.
ನಾನು ಹಾಳೆ ತಿರುವಿದೆ. ಮತ್ತೆ ತಿರುವಿದೆ.
ಹಸುವಿನವನಿಗೆ ಕೊಡಬೇಕಾದ ಉತ್ತರ
ಈ ದೇಶದಲ್ಲಿ ಯಾರೂ ಬರೆದಿಟ್ಟಿರಲಿಲ್ಲ.
ಗಂಟಲು ತಾನಾಗಿ ತೆರೆದುಕೊಂಡಿತು:
ಗುಂಡಿಯೊಳಗಿಂದ, ಅರವತ್ತೆರಡರ ಹೆಂಗಸು,
ಅಂಬಾ ಎಂದೆ.

ನೆಲವೇ ಕೂಗಿತೆಂಬಂತೆ ಅವನು ಕೆಳಗೆ ನೋಡಿದ.
ಆಮೇಲೆ ಅವನೂ ನಕ್ಕ. ಅಥವಾ ಹಲ್ಲು ಕಂಡವು.
ದೀಪ ಕೆಂಪಿತ್ತು, ಹೇಳಲಾರೆ.

ಮರುದಿನವೇ ಥನಾಸ್ ಅವನಿಗೆ ಸಂಬಳ ಗೊತ್ತು ಮಾಡಿದ.
ಸೆಲ್ಫೋ ಅಂತೆ ಹೆಸರು. ದಿನಾ ಅದೇ ಕುರ್ಚಿಯಿಂದ ಏಳುತ್ತಾನೆ,
ಗುಂಡಿ ತಪ್ಪಿ ಹಾಕಿರುತ್ತಾನೆ, ಈಗ ಬೇಕೆಂದೇ.
ನಾನು ಅಂಬಾ ಎನ್ನುತ್ತೇನೆ. ಭಿತ್ತಿಪತ್ರದಲ್ಲಿ
ಮೊದಲ ಸಲ ನನ್ನ ಹೆಸರು: ಹಸು, ಮುಜೆಯೆನ್.
ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ಸಿಗರೇಟು ಹಚ್ಚಿ
ಅವನು ಲೆಕ್ಕ ಒಪ್ಪಿಸುತ್ತಾನೆ:
ಮುಂಗಾಲು ಎರಡೂ ಬಂದವು, ಒಂದು ಕೋಡು ಬಂತು,
ಭಾನುವಾರದ ಹೊತ್ತಿಗೆ ಕೆಚ್ಚಲು ಶುರು.

ನೀಲಿ ಪುಸ್ತಕ ಇನ್ನೂ ನನ್ನ ಮೊಣಕಾಲ ಬಳಿಯೇ ಇದೆ.
ಮುಂಚೆ ಇಲ್ಲಿ ಏನು ಮಾಡುತ್ತಿದ್ದೆ ಎಂದು
ಅವನು ಈವರೆಗೆ ಕೇಳಿಲ್ಲ.
ಕೇಳಿದರೆ
ಅಂಬಾ ಎನ್ನುತ್ತೇನೆ.